ಕೇಳದೆ ಎಳೆದ ಗೆರೆಗಳು: ಅಮಿನಿ ದ್ವೀಪಗಳೂ ಹೊಸೂರು ಸೀಮೆಯೂ

1956ನೆಯ ಇಸವಿಯ ನವೆಂಬರ್ 1 ಕನ್ನಡಿಗರಿಗೆ ಹಬ್ಬದ ದಿನ. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು ಅಂದು ಒಂದಾಯಿತು. ಗಡಿಯ ಈಚೆ ಇರುವ ನಮ್ಮ ಸಂಘಗಳೂ ಆ ದಿನವನ್ನು ಸಂಭ್ರಮದಿಂದಲೇ ನೆನೆಯುತ್ತವೆ. ಆದರೆ ಅಂದು ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಮಾತುಗಳನ್ನು ಹೊಸೂರಿನಲ್ಲಿ ಕುಳಿತು ಓದುವವರಿಗೆ ಬೇರೊಂದು ವಿಷಯವೂ ಕಾಣುತ್ತದೆ. ಹೊಸ ಮೈಸೂರು ರಾಜ್ಯಕ್ಕೆ ಮದರಾಸಿನಿಂದ ಯಾವ ಯಾವ ಪ್ರದೇಶಗಳು ಬರುತ್ತವೆ ಎಂಬುದನ್ನು ಆ ಕಾಯ್ದೆ ಚುಟುಕಾಗಿ ಹೇಳಿ ಮುಗಿಸುತ್ತದೆ: ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು, ಕಾಸರಗೋಡು ತಾಲ್ಲೂಕನ್ನೂ ಅಮಿನ್‌ದಿವಿ ದ್ವೀಪಗಳನ್ನೂ ಬಿಟ್ಟು ಉಳಿದ ದಕ್ಷಿಣ ಕನ್ನಡ ಜಿಲ್ಲೆ. ಅಷ್ಟೇ. ಕೊಳ್ಳೇಗಾಲ ಸೇರಿತು. ಕಾಸರಗೋಡು ಹೊರಗುಳಿಯಿತು. ಹೊಸೂರಿನ ಹೆಸರು ಸೇರಿದ್ದರಲ್ಲಿಯೂ ಇಲ್ಲ, ಬಿಟ್ಟದ್ದರಲ್ಲಿಯೂ ಇಲ್ಲ. ಯಾವ ಬದಲಾವಣೆಯೂ ಇಲ್ಲದೆ ಅದು ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲಿಯೇ ಉಳಿಯಿತು.

ಕಾಸರಗೋಡಿನ ಕಥೆ ನಮಗೆಲ್ಲ ತಿಳಿದದ್ದೇ. ಕೊಳ್ಳೇಗಾಲದ್ದೂ ತಿಳಿದದ್ದೇ. ಆದರೆ ಆ ಸಾಲಿನಲ್ಲಿ ಸುಮ್ಮನೆ ಬಂದುಹೋಗುವ ಅಮಿನ್‌ದಿವಿ ದ್ವೀಪಗಳ ಕಡೆಗೆ ಕನ್ನಡಿಗರ ಗಮನ ಹರಿದದ್ದು ತೀರ ಕಡಿಮೆ. ಕನ್ನಡ ಜಿಲ್ಲೆಯೊಂದರ ಭಾಗವಾಗಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಇದ್ದ, ಕನ್ನಡವಾಡದ, ಸಮುದ್ರದ ನಡುವಿನ ಈ ಪುಟ್ಟ ನೆಲದ ಚರಿತ್ರೆಯನ್ನು ನಮ್ಮ ಸೀಮೆಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಒಂದು ಸಮುದ್ರದಲ್ಲಿದೆ, ಇನ್ನೊಂದು ಘಟ್ಟದ ಮೇಲಿದೆ. ಆದರೂ ಇವೆರಡೂ ಕೇಳುವ ಪ್ರಶ್ನೆ ಒಂದೇ: ಸಣ್ಣ ಜನಸಮುದಾಯವೊಂದು ಯಾರ ಆಳ್ವಿಕೆಯಲ್ಲಿರಬೇಕು, ಅಲ್ಲಿಗೆ ಬರುವ ಅಭಿವೃದ್ಧಿ ಯಾವ ಬಗೆಯದಾಗಿರಬೇಕು ಎಂಬುದನ್ನು ನಿರ್ಧರಿಸುವವರು ಯಾರು?

ದ್ವೀಪದವರು ಮಂಗಳೂರಿಗೆ ಬಂದ ಬಗೆ

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ — ಈ ಐದು ಹವಳದ ದ್ವೀಪಗಳ ಗುಂಪಿಗೆ ಅಮಿನ್‌ದಿವಿ ಎಂಬ ಹೆಸರು. ಇವು ಇಂದಿನ ಲಕ್ಷದ್ವೀಪದ ಉತ್ತರ ಭಾಗ. ಹದಿನೆಂಟನೆಯ ಶತಮಾನದಲ್ಲಿ ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. ದ್ವೀಪದ ಜನರ ಬದುಕು ನಿಂತದ್ದು ತೆಂಗಿನ ಮೇಲೆ; ತೆಂಗಿನ ನಾರನ್ನು ಹೊಸೆದು ಹುರಿ ಮಾಡಿ ಕರಾವಳಿಗೆ ಒಯ್ದು, ಬದಲಿಗೆ ಅಕ್ಕಿ ತರುವುದು ಅವರ ಜೀವನಕ್ರಮ. ಆ ಹುರಿಯ ವ್ಯಾಪಾರವನ್ನು ಅರಕ್ಕಲ್ ಆಡಳಿತ ತನ್ನ ಏಕಸ್ವಾಮ್ಯವಾಗಿ ಮಾಡಿಕೊಂಡಿತ್ತು. ಅದರ ಬಿಗಿ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಕಡಲು ದಾಟಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ತಾವೇ ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. ಅರಕ್ಕಲ್ ಬೀಬಿಯೊಡನೆ ಮಾತುಕತೆಯಾಗಿ ಐದು ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. ಉಳಿದವು ಅರಕ್ಕಲ್ ಮನೆತನದಲ್ಲಿಯೇ ಉಳಿದವು.

ಈ ಘಟನೆಯನ್ನು ಚರಿತ್ರೆಕಾರರು ಟಿಪ್ಪುವಿನ ನೌಕಾನೀತಿಯ ಒಂದು ಅಂಗವಾಗಿ ನೋಡುವುದುಂಟು. ಆದರೆ ಅದನ್ನು ದ್ವೀಪದವರ ಕಡೆಯಿಂದ ನೋಡಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ತಮ್ಮನ್ನು ಆಳುವವರು ಯಾರಾಗಬೇಕೆಂದು ಆ ಜನ ಸ್ವತಃ ಯೋಚಿಸಿ, ಅಪಾಯವನ್ನು ಮೈಮೇಲೆಳೆದುಕೊಂಡು, ತಮ್ಮ ಆಯ್ಕೆಯನ್ನು ಬಾಯಿಬಿಟ್ಟು ಹೇಳಿದರು. ಸ್ವಯಂನಿರ್ಣಯ ಎಂಬ ಪದ ಹುಟ್ಟುವುದಕ್ಕೆ ಬಹಳ ಮೊದಲೇ ಅವರು ಆ ಕೆಲಸ ಮಾಡಿದ್ದರು. ಮುಂದಿನ ಒಂದೂವರೆ ಶತಮಾನದಲ್ಲಿ ಅಂಥ ಅವಕಾಶ ಅವರಿಗೆ ಮತ್ತೆ ಒದಗಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮೈಸೂರಿನ ಕೈಯಲ್ಲಿದ್ದ ಅಮಿನಿ ಗುಂಪು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಆಡಳಿತ ಮಂಗಳೂರಿನಿಂದಲೇ ಮುಂದುವರಿಯಿತು. ಅಮಿನಿಯಲ್ಲಿ ಸರ್ಕಾರದ ಪರವಾಗಿ ಇದ್ದವನು ಮಣೆಗಾರ. ನಮ್ಮ ಹಳ್ಳಿಗಳ ಹಿರಿಯರಿಗೆ ಆ ಹುದ್ದೆಯ ಹೆಸರು ಚೆನ್ನಾಗಿ ಗೊತ್ತು. ದ್ವೀಪದವರು ಹೊಸೆದ ಹುರಿ ಸರ್ಕಾರಕ್ಕೇ ಸೇರಬೇಕು, ಅದಕ್ಕೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಅಕ್ಕಿ ದೊರೆಯಬೇಕು ಎಂಬ ಪದ್ಧತಿ ಕಂಪನಿಯ ಕಾಲದಲ್ಲಿಯೂ ನಡೆಯಿತು. ಮುಂಗಾರಿನ ತಿಂಗಳುಗಳಲ್ಲಿ ಓಡಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲಕ್ಕೆ ಮೊದಲು ತಂದ ಅಕ್ಕಿಯೇ ಆಧಾರ. ಹೀಗೆ ಹೊಟ್ಟೆಯ ಅಳತೆ ಮಂಗಳೂರಿನ ಕಚೇರಿಯಲ್ಲಿ ನಿರ್ಧಾರವಾಗುತ್ತಿತ್ತು. ಕನ್ನಡಿಗರಾದ ನಾವು ಇಲ್ಲಿ ಒಂದು ಸತ್ಯವನ್ನು ಒಪ್ಪಬೇಕು: ದೂರದ ಕಚೇರಿಯಿಂದ ಆಳಿಸಿಕೊಂಡವರು ನಾವು ಎಂದು ನಮ್ಮ ಗಡಿನಾಡುಗಳಲ್ಲಿ ಹೇಳುತ್ತೇವೆ, ಅಮಿನಿಯವರ ಪಾಲಿಗೆ ಆ ದೂರದ ಕಚೇರಿ ನಮ್ಮ ಮಂಗಳೂರೇ ಆಗಿತ್ತು.

ಅದೇ ವರ್ಷ, ಅದೇ ಕೈ

ದ್ವೀಪಗಳಿಗೂ ನಮ್ಮ ಸೀಮೆಗೂ 1799 ಒಂದೇ ತಿರುವಿನ ವರ್ಷ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲ್ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕೃಷ್ಣಗಿರಿ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಬಾಲಾಘಾಟ, ಎಂದರೆ ಹೊಸೂರು, ಡೆಂಕಣಿಕೋಟೆ, ಕೆಲಮಂಗಲಗಳ ಸೀಮೆ, ಇನ್ನೂ ಏಳು ವರ್ಷ ಮೈಸೂರಿನಲ್ಲಿದ್ದು 1799ರ ಹಂಚಿಕೆಯಲ್ಲಿ ಕಂಪನಿಗೆ ಸೇರಿತು. ಬೆಂಗಳೂರು ಒಡೆಯರ ರಾಜ್ಯದಲ್ಲಿ ಉಳಿಯಿತು. ಒಂದು ದಿನದ ನಡಿಗೆಯ ದೂರದಲ್ಲಿದ್ದ ಎರಡು ಊರುಗಳ ನಡುವೆ ಗೆರೆ ಬಿದ್ದದ್ದು ಹೀಗೆ.

ಈ ಕಥೆಯಲ್ಲಿ ಥಾಮಸ್ ಮನ್ರೋನ ಪಾತ್ರ ಗಮನಿಸತಕ್ಕದ್ದು. 1792ರಿಂದ ಏಳು ವರ್ಷ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಬಾರಾಮಹಲಿನಲ್ಲಿ ಹೊಲಹೊಲವನ್ನೂ ಅಳೆಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ತಳಪಾಯ ಹಾಕಿದವರಲ್ಲಿ ಅವನೊಬ್ಬ. 1799ರಲ್ಲಿ ಮೈಸೂರನ್ನು ಹಂಚಿದ ಆಯೋಗಕ್ಕೆ ಅವನೂ ಜಾನ್ ಮಾಲ್ಕಮ್‌ನೂ ಕಾರ್ಯದರ್ಶಿಗಳು. ಆ ಕೆಲಸ ಮುಗಿದೊಡನೆ ಮನ್ರೋ ಹೋದದ್ದು ಕೆನರಾಕ್ಕೆ, ಅಲ್ಲಿನ ಕಲೆಕ್ಟರನಾಗಿ. ಹೀಗೆ ನಮ್ಮ ಗೆರೆಯನ್ನು ಬರೆದ ಕಡತದಲ್ಲಿ ಕೈಯಾಡಿಸಿದವನೇ ಮಂಗಳೂರಿನ ಸೀಮೆಗೂ ಕಂಪನಿಯ ಆಡಳಿತ ತಂದವನು. ಮನ್ರೋ ರೈತಸ್ನೇಹಿ ಎಂದು ಹೆಸರಾದವನು. ಆ ಹೆಸರಿಗೆ ಕಾರಣವೂ ಇತ್ತು. ಅವನ ಪದ್ಧತಿ ರೈತನನ್ನು ಹೊಲ ಎಷ್ಟು, ಬೆಳೆ ಏನು, ಬಾವಿ ಇದೆಯೇ ಎಂದು ಕೇಳಿತು. ನೀನು ಯಾವ ರಾಜ್ಯದಲ್ಲಿರಬೇಕು ಎಂದು ಕೇಳಲಿಲ್ಲ. ಆ ಕಾಲದಲ್ಲಿ ಯಾರೂ ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ ಎಂಬುದು ನಿಜ. ಆದರೆ ಕೇಳದೆ ಎಳೆದ ಆ ಗೆರೆಯೇ 157 ವರ್ಷಗಳ ಅನಂತರ ಸ್ವತಂತ್ರ ಭಾರತದ ರಾಜ್ಯದ ಗಡಿಯಾಗಿ ನಿಂತಿತು.

1956: ಅಳತೆಗೋಲು ಯಾವುದು?

1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರಿನಲ್ಲಿ ವರದಿ ಬಂದಿತು. ಮನವಿಗಳನ್ನು ಆಯೋಗ ಸ್ವೀಕರಿಸಿತು, ಊರೂರು ಸುತ್ತಿತು, ಸಾವಿರಾರು ಜನರನ್ನು ಕಂಡಿತು. ಆದರೆ ಅದರ ಅಳತೆಗೋಲು ಹೆಚ್ಚಾಗಿ ಜಿಲ್ಲೆ, ಅಲ್ಲಲ್ಲಿ ತಾಲ್ಲೂಕು. ಹಳ್ಳಿಯ ಮಟ್ಟಕ್ಕೆ ಅದು ಇಳಿಯಲಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಹೆಣೆದುಕೊಂಡಿರುವ ಹೊಸೂರಿನಂಥ ತಾಲ್ಲೂಕಿಗೆ ಆ ಅಳತೆಗೋಲು ಹೊಂದುವಂಥದ್ದಾಗಿರಲಿಲ್ಲ. ತಳಿಯ ಕಡೆಯ ಹಳ್ಳಿಯ ಮಾತು ಬೇರೆ, ಬಾಗಲೂರಿನ ಕಡೆಯದು ಬೇರೆ, ಶೂಲಗಿರಿಯ ಕಡೆಯದು ಮತ್ತೂ ಬೇರೆ. ಎಷ್ಟೋ ಮನೆಗಳಲ್ಲಿ ಒಂದೇ ಜಗುಲಿಯ ಮೇಲೆ ಮೂರು ಭಾಷೆಗಳು.

ಹಳ್ಳಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಅಸಾಧ್ಯವೇನೂ ಆಗಿರಲಿಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. ಆಂಧ್ರ ಮತ್ತು ಮದರಾಸು ರಾಜ್ಯಗಳ ನಡುವಿನ ವಿವಾದದಲ್ಲಿ ಪಾಟಸ್ಕರ್ ಅವರು ಹಳ್ಳಿಯನ್ನು ಘಟಕವಾಗಿ ಇಟ್ಟುಕೊಂಡು, ಭಾಷೆ ಮತ್ತು ಒಂದಕ್ಕೊಂದು ತಾಗಿಕೊಂಡಿರುವ ನೆಲ ಎರಡನ್ನೂ ನೋಡಿ ತೀರ್ಪು ಕೊಟ್ಟರು. 1960ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಾಗ ತಿರುತ್ತಣಿ ಮದರಾಸಿಗೆ ಬಂದಿತು. ಚೆಂಗಲ್ಪಟ್ಟು ಮತ್ತು ನಮ್ಮ ಸೇಲಂ ಜಿಲ್ಲೆಗಳ ಕೆಲವು ಹಳ್ಳಿಗಳು ಆಂಧ್ರಕ್ಕೆ ಹೋದವು. ಎರಡೂ ಸರ್ಕಾರಗಳು ಮನಸ್ಸು ಮಾಡಿದಲ್ಲಿ ಸಣ್ಣ ಊರಿನ ಮಾತೂ ಲೆಕ್ಕಕ್ಕೆ ಬರಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಅಮಿನ್‌ದಿವಿಯ ವಿಷಯದಲ್ಲಿ ಆದದ್ದು ಬೇರೆ. ದಕ್ಷಿಣ ಕನ್ನಡದ ಐದು ದ್ವೀಪಗಳನ್ನೂ ಮಲಬಾರ್ ಜಿಲ್ಲೆಗೆ ಸೇರಿದ್ದ ಲಕ್ಕದೀವ್ ಹಾಗೂ ಮಿನಿಕಾಯ್‌ಗಳನ್ನೂ ಕೂಡಿಸಿ ಕೇಂದ್ರಾಡಳಿತ ಪ್ರದೇಶವೊಂದನ್ನು ಮಾಡಲಾಯಿತು. ಟಿಪ್ಪುವಿನ ಕಾಲದಲ್ಲಿ ಬೇರೆಯಾದ ದ್ವೀಪಗಳು ಮತ್ತೆ ಒಂದಾದವು. ಭಾಷೆ, ಬಂಧುತ್ವಗಳ ದೃಷ್ಟಿಯಿಂದ ಅದು ಸಹಜವಾದ ಜೋಡಣೆಯೇ ಸರಿ. ಆದರೆ ಆಡಳಿತಾಧಿಕಾರಿಯ ಕಚೇರಿ ಕುಳಿತದ್ದು ಕೋಳಿಕ್ಕೋಡಿನಲ್ಲಿ. ಅದು ಕವರತ್ತಿ ದ್ವೀಪಕ್ಕೆ ಬಂದದ್ದು 1964ರಲ್ಲಿ. ಲೋಕಸಭೆಗೆ ಅವರ ಪ್ರತಿನಿಧಿಯನ್ನು ಮೊದಲು ನಾಮಕರಣ ಮಾಡಲಾಗುತ್ತಿತ್ತು. ದ್ವೀಪದ ಜನ ತಾವೇ ಮತ ಹಾಕಿ ಸಂಸದನನ್ನು ಆರಿಸಿದ್ದು 1967ರಲ್ಲಿ. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರಾಯಿತು. ವಿಧಾನಸಭೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಜಗತ್ತು ಮಾಡಿಕೊಂಡ ನಿಯಮ

ಸಣ್ಣ ನೆಲಗಳ ಈ ಪ್ರಶ್ನೆ ನಮ್ಮದು ಮಾತ್ರವಲ್ಲ. 1945ರಲ್ಲಿ ವಿಶ್ವಸಂಸ್ಥೆ ಹುಟ್ಟಿದಾಗ ಅದರ ಸನ್ನದಿನಲ್ಲಿಯೇ, ಸ್ವಯಮಾಡಳಿತ ಪಡೆಯದ ಪ್ರದೇಶಗಳ ಕುರಿತು ಒಂದು ಅಧ್ಯಾಯವನ್ನು ಸೇರಿಸಲಾಯಿತು. ಅಂಥ ಪ್ರದೇಶಗಳಲ್ಲಿ ವಾಸಿಸುವವರ ಹಿತವೇ ಮೊದಲು, ಆಳುವ ದೇಶ ಅದನ್ನು ಪವಿತ್ರ ಹೊಣೆಯೆಂದು ಹೊರಬೇಕು ಎಂಬುದು ಅದರ ಸಾರ. 1960ರ ಡಿಸೆಂಬರಿನಲ್ಲಿ ಮಹಾಸಭೆ ಇನ್ನೂ ಮುಂದೆ ಹೋಗಿ, ಜನ ಇನ್ನೂ ಸಿದ್ಧರಾಗಿಲ್ಲ ಎಂಬ ನೆಪದಿಂದ ಸ್ವಾತಂತ್ರ್ಯವನ್ನು ಮುಂದೂಡಬಾರದು ಎಂದು ಸಾರಿತು. ಸ್ವತಂತ್ರ ದೇಶವಾಗುವುದು, ಮತ್ತೊಂದು ದೇಶದೊಡನೆ ಸ್ವಇಚ್ಛೆಯಿಂದ ಒಡಂಬಡಿಕೆಯಲ್ಲಿರುವುದು, ಅದರಲ್ಲಿ ಸಮಾನತೆಯಿಂದ ವಿಲೀನವಾಗುವುದು — ಈ ಮೂರೂ ಒಪ್ಪತಕ್ಕ ದಾರಿಗಳೇ. ಆದರೆ ಆರಿಸಬೇಕಾದವರು ಅಲ್ಲಿನ ಜನ. ಇಂದಿಗೂ ಆ ಪಟ್ಟಿಯಲ್ಲಿ 17 ಪ್ರದೇಶಗಳಿವೆ. ಪಶ್ಚಿಮ ಸಹಾರ ಮತ್ತು ಜಿಬ್ರಾಲ್ಟರ್ ಬಿಟ್ಟರೆ ಉಳಿದವೆಲ್ಲ ದ್ವೀಪಗಳೇ. ಲಕ್ಷದ್ವೀಪವಾಗಲಿ ಹೊಸೂರಾಗಲಿ ಈ ಪಟ್ಟಿಗೆ ಸೇರತಕ್ಕವಲ್ಲ. ನಾವು ಸ್ವತಂತ್ರ ದೇಶವೊಂದರ ಪೂರ್ಣ ಪ್ರಜೆಗಳು. ಆದರೆ ಆ ನಿಯಮದ ಹಿಂದಿರುವ ವಿವೇಕ ಎಲ್ಲ ಸಣ್ಣ ಸಮುದಾಯಗಳಿಗೂ ಸಲ್ಲುತ್ತದೆ.

ಎರಡು ಉದಾಹರಣೆಗಳು ಸಾಕು. ಲಕ್ಷದ್ವೀಪ, ಮಾಲ್ದೀವ್, ಚಾಗೋಸ್ — ಇವು ಹಿಂದೂ ಮಹಾಸಾಗರದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವ ಒಂದೇ ಸಾಲು. ಬ್ರಿಟನ್ 1965ರಲ್ಲಿ ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿತು. ಡಿಯಾಗೋ ಗಾರ್ಸಿಯಾದಲ್ಲಿ ಸೈನಿಕ ನೆಲೆ ಕಟ್ಟುವ ಸಲುವಾಗಿ 1968ರಿಂದ 1973ರೊಳಗೆ ಅಲ್ಲಿನ ಜನರನ್ನೆಲ್ಲ ಒಕ್ಕಲೆಬ್ಬಿಸಲಾಯಿತು. ಅವರು ಕೆಲವೇ ಸಾವಿರ ಜನ. ಅವರನ್ನು ಯಾರೂ ಕೇಳಲಿಲ್ಲ. ಆ ಬೇರ್ಪಡಿಸುವಿಕೆ ನ್ಯಾಯಸಮ್ಮತವಾಗಿರಲಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ನೀಡುವಾಗ 2019 ಬಂದಿತ್ತು.

ಇನ್ನೊಂದು ಶಾಂತಸಾಗರದ ಟೋಕೆಲಾವ್. ಮೂರು ಹವಳದ ದ್ವೀಪಗಳು, ಸುಮಾರು 1500 ಜನ, ಆಳುವ ದೇಶ ನ್ಯೂಜಿಲೆಂಡ್. ಹೆಚ್ಚಿನ ಸ್ವಯಮಾಡಳಿತ ಬೇಕೇ ಎಂದು 2006ರಲ್ಲಿಯೂ 2007ರಲ್ಲಿಯೂ ಅವರಲ್ಲಿ ಮತ ಕೇಳಲಾಯಿತು. ಮೂರರಲ್ಲಿ ಎರಡು ಪಾಲು ಒಪ್ಪಬೇಕೆಂಬ ನಿಯಮವಿತ್ತು. ಎರಡನೆಯ ಸಲ 446 ಮಂದಿ ಬೇಕೆಂದರು. ಬೇಕಾದ ಸಂಖ್ಯೆಗೆ 16 ಮತಗಳು ಕಡಿಮೆಯಾದವು. ಜನ ಹಳೆಯ ಸಂಬಂಧದಲ್ಲಿಯೇ ಉಳಿದರು. ಫಲಿತಾಂಶ ಏನೇ ಇರಲಿ, ಒಂದು ದೊಡ್ಡ ಮದುವೆಗೆ ಬರುವಷ್ಟು ಜನರಿರುವ ನಾಡಿನಲ್ಲಿ ಒಬ್ಬೊಬ್ಬರ ಮತವನ್ನೂ ಎಣಿಸಿದರು. ಸಣ್ಣವರನ್ನು ಕೇಳುವುದು ಕಷ್ಟ ಎಂಬ ಮಾತು ನಿಲ್ಲುವುದಿಲ್ಲ ಎಂದು ಟೋಕೆಲಾವ್ ತೋರಿಸಿದೆ.

ಅಭಿವೃದ್ಧಿಯ ಲೆಕ್ಕ

ಕೇಳದಿದ್ದರೇನಂತೆ, ಕೊಟ್ಟಿದ್ದಾರಲ್ಲ ಎಂದು ಕೆಲವರು ಹೇಳಬಹುದು. ಈ ಮಾತನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಏಕೆಂದರೆ ಕೊಟ್ಟದ್ದು ಕಡಿಮೆಯಲ್ಲ. ಮಳೆಗಾಲದಲ್ಲಿ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತಿದ್ದ ಲಕ್ಷದ್ವೀಪಕ್ಕೆ ಹಡಗುಗಳು ಬಂದವು. 1988ರಲ್ಲಿ ಅಗತ್ತಿಯಲ್ಲಿ ವಿಮಾನ ಇಳಿಯಿತು. 2011ರ ಜನಗಣತಿಯಂತೆ ಅಲ್ಲಿನ 64,473 ಜನರಲ್ಲಿ ಸಾಕ್ಷರತೆ ಶೇ. 91ಕ್ಕೂ ಮೇಲೆ. ದೇಶದ ದೊಡ್ಡ ರಾಜ್ಯಗಳು ನಾಚುವಂಥ ಸಾಧನೆ ಇದು.

ನಮ್ಮ ಸೀಮೆಯೂ ಹಾಗೆಯೇ. 1957ರಲ್ಲಿ ಕೃಷ್ಣಗಿರಿ ಅಣೆಕಟ್ಟು ಬಂದಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿಯೇ ಜಿಲ್ಲಾ ಕೇಂದ್ರವಾಯಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. 1971ರಲ್ಲಿ ಸ್ಥಾಪನೆಯಾದ ಸಿಪ್ಕಾಟ್ ತನ್ನ ಆರಂಭದ ಕೈಗಾರಿಕಾ ಸಂಕೀರ್ಣಗಳಲ್ಲೊಂದನ್ನು ಹೊಸೂರಿನಲ್ಲಿ ಕಟ್ಟಿತು. ಲಾರಿ, ದ್ವಿಚಕ್ರ ವಾಹನ, ಕೈಗಡಿಯಾರಗಳ ಕಾರ್ಖಾನೆಗಳು ಬಂದವು. ನಮ್ಮ ಗುಲಾಬಿ ಹೊರದೇಶಗಳಿಗೆ ಹೋಗುತ್ತದೆ. ಇಲ್ಲಿ ಬೇರೂರಿದ ಎಷ್ಟೋ ಕನ್ನಡ ಮನೆಗಳ ಒಲೆ ಉರಿಯುತ್ತಿರುವುದು ಈ ಕಾರ್ಖಾನೆಗಳ ಸಂಬಳದಿಂದ. ತಮಿಳುನಾಡು ಸರ್ಕಾರದ ಈ ಕೊಡುಗೆಯನ್ನು ಮರೆಯುವುದು ಕೃತಘ್ನತೆಯಾದೀತು.

ಆದರೂ ಕೊಟ್ಟದ್ದರ ಲೆಕ್ಕ ಒಂದು, ಕೇಳಿದ್ದರ ಲೆಕ್ಕ ಇನ್ನೊಂದು. ಒಂದರಲ್ಲಿ ಜಮೆಯಾದದ್ದು ಇನ್ನೊಂದರ ಬಾಕಿಯನ್ನು ತೀರಿಸುವುದಿಲ್ಲ. 2021ರಲ್ಲಿ ಲಕ್ಷದ್ವೀಪದ ಆಡಳಿತ ಅಭಿವೃದ್ಧಿ ಪ್ರಾಧಿಕಾರವೊಂದರ ಕರಡು ನಿಯಮವನ್ನು ಹೊರಡಿಸಿತು. ಯೋಜನೆಗಳಿಗಾಗಿ ದ್ವೀಪದವರ ಭೂಮಿಯನ್ನು ವಹಿಸಿಕೊಳ್ಳಲು ವಿಶಾಲ ಅಧಿಕಾರ ಅದರಲ್ಲಿತ್ತು. ಜನ ಆಕ್ಷೇಪಣೆಗಳನ್ನು ಕಳುಹಿಸಿದರು, ಮನೆಮನೆಗಳಲ್ಲಿ ಉಪವಾಸ ಕುಳಿತರು. ಅಭಿವೃದ್ಧಿ ಬೇಡವೆಂಬುದು ಅವರ ವಾದವಾಗಿರಲಿಲ್ಲ. ವಿಧಾನಸಭೆಯಿಲ್ಲದ ನಾಡಿನಲ್ಲಿ ತಮ್ಮ ನೆಲದ ವಿಷಯವನ್ನು ತಮ್ಮೊಡನೆ ಮಾತಾಡದೆ ಬರೆಯಬಾರದು ಎಂಬುದೇ ಅವರ ಬೇಡಿಕೆ. ಅರಕ್ಕಲ್ ಅರಮನೆ, ಮಂಗಳೂರು, ಕೋಳಿಕ್ಕೋಡು, ಕವರತ್ತಿ ಎಂದು ಕಚೇರಿ ಹತ್ತಿರ ಹತ್ತಿರ ಬಂದಿದೆ. ಆದರೆ ಕೇಳುವ ಕ್ರಮ ಅಷ್ಟೇ ವೇಗದಲ್ಲಿ ಹತ್ತಿರ ಬಂದಿಲ್ಲ.

ನಮ್ಮಲ್ಲಿ ಆ ಬಾಕಿ ಇರುವುದು ಶಾಲೆಯಲ್ಲಿ. 2006ರ ತಮಿಳು ಕಲಿಕಾ ಕಾಯ್ದೆಯಂತೆ ಒಂದನೆಯ ತರಗತಿಯಿಂದ ಮೊದಲಾಗಿ ವರ್ಷವರ್ಷವೂ ಮೇಲೇರಿದ ತಮಿಳು ಕಡ್ಡಾಯ 2015-16ರಲ್ಲಿ ಹತ್ತನೆಯ ತರಗತಿಗೆ ತಲುಪಿತು. ಆ ಪರೀಕ್ಷೆಯ ಹೊತ್ತಿಗೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ವಿನಾಯಿತಿ ದೊರೆತದ್ದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ. ತಮಿಳು ಕಲಿಯುವುದಕ್ಕೆ ನಮ್ಮ ಮಕ್ಕಳು ಹಿಂಜರಿಯುವವರಲ್ಲ; ಅದು ನಾವು ಬದುಕುವ ನಾಡಿನ ಭಾಷೆ, ನಮ್ಮ ಭಾಷೆಗೆ ಅಕ್ಕತಂಗಿಯಂಥದ್ದು. ಅದನ್ನು ಕಲಿಯುವುದರಿಂದ ಕನ್ನಡಕ್ಕೆ ಎಷ್ಟು ಜಾಗ ಉಳಿಯುತ್ತದೆ, ಕನ್ನಡ ಬಲ್ಲ ಶಿಕ್ಷಕರು ಸಿಗುತ್ತಾರೆಯೇ, ಪಠ್ಯಪುಸ್ತಕ ಸಕಾಲಕ್ಕೆ ಬರುತ್ತದೆಯೇ ಎಂಬ ಮಾತುಗಳನ್ನು ಕನ್ನಡ ಮನೆಗಳೊಡನೆ ಮೊದಲೇ ಆಡಬೇಕಾಗಿತ್ತು.

ನಮ್ಮ ಪಾಲಿನ ಕೆಲಸ

1956ರ ನವೆಂಬರ್ 1ರ ಕುರಿತು ಒಂದು ಸಂಗತಿಯನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ. ಗಡಿಗಳು ಜಾರಿಗೆ ಬಂದ ಆ ದಿನವೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಪುನರ್ವಿಂಗಡಣಾ ಆಯೋಗಕ್ಕೆ ಹೊಸ ಗಡಿಗಳಾಚೆ ಉಳಿಯುವ ಜನರ ಅರಿವಿತ್ತು; ಅವರ ರಕ್ಷಣೆಗೆ ಅದು ಸಲಹೆಗಳನ್ನು ಕೊಟ್ಟಿತ್ತು. ಅದರ ಫಲವಾಗಿ ಬಂದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಹೇಳುತ್ತದೆ. 350ಬಿ ವಿಧಿ, ಈ ರಕ್ಷಣೆಗಳು ಹೇಗೆ ನಡೆಯುತ್ತಿವೆ ಎಂದು ವಿಚಾರಿಸಿ ರಾಷ್ಟ್ರಪತಿಗೆ ವರದಿ ಮಾಡುವ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಗೆರೆಯನ್ನು ಎಳೆದವರು ಗೆರೆಯಾಚೆಯವರಿಗೆಂದು ಬಾಗಿಲೊಂದನ್ನೂ ಇಟ್ಟರು. ಆ ಬಾಗಿಲನ್ನು ತಟ್ಟುವ ಕೆಲಸ ನಮ್ಮದು.

ಗಡಿಯನ್ನು ಬದಲಿಸುವ ಮಾತು ಇಲ್ಲಿಲ್ಲ. ಏಳು ದಶಕಗಳಲ್ಲಿ ಈ ಸೀಮೆಯ ಬದುಕು ತಮಿಳುನಾಡಿನೊಡನೆ ಬೆಸೆದುಕೊಂಡಿದೆ. ಮಕ್ಕಳ ಓದು, ಉದ್ಯೋಗ, ನೆಂಟಸ್ತಿಕೆ ಎಲ್ಲವೂ ಇಲ್ಲಿವೆ. ಅಮಿನಿಯವರಿಗೆ ಇಲ್ಲದ ಸೌಲಭ್ಯಗಳೂ ನಮಗಿವೆ: ಹೊಸೂರು, ತಳಿ ಕ್ಷೇತ್ರಗಳ ಮೂಲಕ ವಿಧಾನಸಭೆಯಲ್ಲಿ ದನಿಯಿದೆ, ಪಾಲಿಕೆಯಿದೆ, ಗ್ರಾಮಸಭೆಯಿದೆ. ಬೇಕಾಗಿರುವುದು ಅವುಗಳನ್ನು ಬಳಸುವ ಅಭ್ಯಾಸ. ಕನ್ನಡ ಶಾಲೆಯಲ್ಲಿ ಮಕ್ಕಳನ್ನು ದಾಖಲು ಮಾಡದೆ ಶಾಲೆ ಉಳಿಯಲಿ ಎಂದು ಭಾಷಣ ಮಾಡಿದರೆ ಯಾವ ಆಯೋಗವೂ ನಮ್ಮನ್ನು ಕಾಪಾಡಲಾರದು. ಜನಗಣತಿಯವರು ಬಂದಾಗ ಮಾತೃಭಾಷೆಯ ಅಂಕಣದಲ್ಲಿ ಕನ್ನಡವೆಂದು ಬರೆಸದಿದ್ದರೆ ನಮ್ಮ ಸಂಖ್ಯೆ ತಾನಾಗಿ ಬೆಳೆಯುವುದಿಲ್ಲ. ಯಾವ ಹಳ್ಳಿಯಲ್ಲಿ ಎಷ್ಟು ಕನ್ನಡ ಮಕ್ಕಳಿದ್ದಾರೆ, ಯಾವ ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿಯಿದೆ ಎಂಬ ಪಟ್ಟಿಯನ್ನು ನಮ್ಮ ಸಂಘಗಳು ವರ್ಷಕ್ಕೊಮ್ಮೆ ಸಿದ್ಧಪಡಿಸಿ, ಜಿಲ್ಲಾ ಶಿಕ್ಷಣಾಧಿಕಾರಿಗಳಿಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಬಹುದು. ತೆಲುಗು ನೆರೆಹೊರೆಯವರ ಸಂಕಷ್ಟವೂ ಇದೇ ಆದ್ದರಿಂದ ಅವರನ್ನೂ ಜೊತೆಗೆ ಸೇರಿಸಿಕೊಳ್ಳಬಹುದು.

ಅಮಿನಿಯ ಜನ ಕಡಲು ದಾಟಿ ಬಂದು ತಮ್ಮ ಮಾತನ್ನು ಹೇಳಿದರು. ಟೋಕೆಲಾವಿನ ಜನರ ಮನೆಬಾಗಿಲಿಗೇ ಮತಪೆಟ್ಟಿಗೆ ಬಂದಿತು. ನಾವು ಕಡಲು ದಾಟಬೇಕಾಗಿಲ್ಲ, ಮತಪೆಟ್ಟಿಗೆಗೆ ಕಾಯಬೇಕಾಗಿಯೂ ಇಲ್ಲ. ಶಾಲೆಯ ಪಟ್ಟಿಯೊಂದಿಗೆ ಮುಂದಿನ ಗ್ರಾಮಸಭೆಗೆ ಹೋದರೆ ಸಾಕು, ಮೊದಲ ಹೆಜ್ಜೆ ಇಟ್ಟಂತಾಯಿತು.